ರಿದಮ್ ಗೇಮಿನ ಆಫ್‌ಸೆಟ್ಟನ್ನು ಆಡಾಸಿಟಿಯಲ್ಲಿ ಅಳೆಯುವ ಬಗೆ

ಹಾಡಿನ ಪೆಟ್ಟಿಗೆ ಸರಿಯಾಗಿ ಕೀ ಒತ್ತಿ ಆಡುವ ರಿದಮ್ ಗೇಮ್‌ಗಳ ಸೆಟ್ಟಿಂಗ್ಸ್ ಪುಟದಲ್ಲಿ ಆಫ್‌ಸೆಟ್ ಎಂಬ ಒಂದು ಸಂಖ್ಯೆ ಇರುತ್ತದೆ; ಯಂತ್ರದ ವಿಳಂಬವನ್ನು ಸರಿದೂಗಿಸಲು ಆಟವು ತನ್ನ ಗಡಿಯಾರವನ್ನು ಎಷ್ಟು ಮಿಲಿಸೆಕೆಂಡು ಸರಿಸಬೇಕು ಎಂದು ಹೇಳುವ ಸಂಖ್ಯೆ ಅದು. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಮುಟ್ಟುವವರು ಆಟವೇ ಒದಗಿಸುವ ಪರೀಕ್ಷೆಯನ್ನು ತೆರೆದು, ಕೇಳಿಬರುವ ಟಿಕ್ ಟಿಕ್ ಸದ್ದಿಗೆ ಸರಿಯಾಗಿ ಕೀ ಒತ್ತುತ್ತ ಹೋಗಿ, ಕೊನೆಗೆ ಅದು ತೋರಿಸಿದ ಸರಾಸರಿಯನ್ನು ಹಾಗೆಯೇ ಒಪ್ಪಿಕೊಳ್ಳುತ್ತಾರೆ. ಆ ಸರಾಸರಿಯಲ್ಲಿ ಯಂತ್ರದ ವಿಳಂಬದ ಪಾಲು ಎಷ್ಟು, ಒತ್ತಿದವರ ಕೈಯ ಅಭ್ಯಾಸದ ಪಾಲು ಎಷ್ಟು ಎಂದು ಬಿಡಿಸಿ ನೋಡಲು ಆ ಪರೀಕ್ಷೆಯೊಳಗೆ ದಾರಿಯಿಲ್ಲ. ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ ನಾನೂ, ಬ್ರಹ್ಮಾವರದ ಕಡೆಯ ಗೆಳೆಯನೊಬ್ಬನೂ ಒಂದೇ ಲ್ಯಾಪ್‌ಟಾಪಿನಲ್ಲಿ, ಒಂದೇ ಹೆಡ್‌ಫೋನ್ ಹಾಕಿಕೊಂಡು ಆ ಪರೀಕ್ಷೆ ಮಾಡಿದಾಗ ಬಂದ ಎರಡು ಸಂಖ್ಯೆಗಳ ನಡುವೆ ಇಪ್ಪತ್ತು ಮಿಲಿಸೆಕೆಂಡಿಗೂ ಹೆಚ್ಚಿನ ಅಂತರವಿತ್ತು. ಗೆಳೆಯ ಬಡಗುತಿಟ್ಟಿನ ಯಕ್ಷಗಾನಕ್ಕೆ ಚೆಂಡೆ ನುಡಿಸುವವನು, ನಾನು ಬರೀ ಕೇಳುವವನು. ಯಂತ್ರವೊಂದೇ ಆಗಿದ್ದ ಮೇಲೆ ಆ ಇಪ್ಪತ್ತು ಮಿಲಿಸೆಕೆಂಡು ನಮ್ಮಿಬ್ಬರ ಕೈಗಳ ವ್ಯತ್ಯಾಸವೇ ಹೊರತು ಇನ್ನೇನೂ ಆಗಿರಲು ಸಾಧ್ಯವಿಲ್ಲ.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಮೆಟ್ರೊನೋಮಿನ ಸದ್ದಿಗೆ ಸರಿಯಾಗಿ ಬೆರಳು ಬಡಿಯಿರಿ ಎಂದು ಹೇಳಿದರೆ ಜನ ಸಾಮಾನ್ಯವಾಗಿ ಸದ್ದಿಗಿಂತ ಕೆಲವು ಹತ್ತು ಮಿಲಿಸೆಕೆಂಡು ಮೊದಲೇ ಬಡಿಯುತ್ತಾರೆ ಎಂಬುದು ಮನೋವಿಜ್ಞಾನದ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ಬಡಿಯುವವರಿಗೆ ತಾವು ಮುಂದಿದ್ದೇವೆ ಎಂಬ ಅರಿವು ಇರುವುದಿಲ್ಲ; ಅವರ ಮಟ್ಟಿಗೆ ಬೆರಳೂ ಸದ್ದೂ ಒಟ್ಟಿಗೇ ಆಗಿರುತ್ತವೆ. ಸಂಗೀತದಲ್ಲಿ ಪಳಗಿದವರಲ್ಲಿ ಈ ಅವಸರ ಕಡಿಮೆ. ಹಾಗಾಗಿ ಬಡಿದು ಪಡೆಯುವ ಆಫ್‌ಸೆಟ್ ಯಂತ್ರ ಮತ್ತು ಮನುಷ್ಯ ಇಬ್ಬರ ತಪ್ಪುಗಳ ಮೊತ್ತವಾಗಿರುತ್ತದೆ. ಒಬ್ಬರೇ ಆಡುವ ಯಂತ್ರವಾದರೆ ಮೊತ್ತವೇ ಸಾಕು ಎಂದು ವಾದಿಸಬಹುದು. ನನಗೆ ಆ ವಾದ ಒಪ್ಪಿಗೆಯಿಲ್ಲ, ಏಕೆಂದರೆ ಕೈಯ ಅಭ್ಯಾಸ ಹಾಡಿನಿಂದ ಹಾಡಿಗೆ, ಲಯದ ವೇಗದಿಂದ ವೇಗಕ್ಕೆ ಬದಲಾಗುತ್ತದೆ; ಯಂತ್ರದ ವಿಳಂಬ ಬದಲಾಗುವುದಿಲ್ಲ. ಬದಲಾಗುವುದನ್ನೂ ಬದಲಾಗದ್ದನ್ನೂ ಒಂದೇ ಸಂಖ್ಯೆಯೊಳಗೆ ತುಂಬಿಟ್ಟರೆ ಮುಂದೆ ಏನಾದರೂ ಸರಿಯಿಲ್ಲ ಎನ್ನಿಸಿದಾಗ ಯಾವುದನ್ನು ತಿದ್ದಬೇಕೆಂದೇ ತಿಳಿಯುವುದಿಲ್ಲ.

ಇಪ್ಪತ್ತು ಮಿಲಿಸೆಕೆಂಡು ದೊಡ್ಡದೇ ಎಂದು ಕೇಳುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಆಸ್ಟ್ರೇಲಿಯಾದ ಡೀನ್ ಹರ್ಬರ್ಟ್ 2007ರಲ್ಲಿ ಹೊರತಂದ ಓಸು ಆಟದಲ್ಲಿ ಟೈಕೊ ಎಂಬ ವಿಧಾನವಿದೆ. ಜಪಾನಿನ ಡೋಲಿನ ಮಾದರಿಯದು, ನಾವು ಆಡುವುದು ಅದನ್ನೇ. ಅದರಲ್ಲಿ ಅತ್ಯುತ್ತಮ ಅಂಕ ಸಿಗಬೇಕಾದರೆ ಹೊಡೆತವು ನಿಗದಿತ ಕ್ಷಣದಿಂದ ಎಷ್ಟು ಆಚೀಚೆ ಇರಬಹುದು ಎಂಬುದಕ್ಕೆ ಸೂತ್ರವೊಂದಿದೆ: ಕಷ್ಟದ ಮಟ್ಟವನ್ನು ಸೂಚಿಸುವ ಓವರಾಲ್ ಡಿಫಿಕಲ್ಟಿ ಎಂಬ ಸಂಖ್ಯೆಯನ್ನು ಮೂರರಿಂದ ಗುಣಿಸಿ ಐವತ್ತರಿಂದ ಕಳೆಯಬೇಕು. ಆ ಸಂಖ್ಯೆ 5 ಆಗಿದ್ದರೆ ಎರಡೂ ಕಡೆಗೆ 35 ಮಿಲಿಸೆಕೆಂಡು ಅವಕಾಶ ಸಿಗುತ್ತದೆ. ಯಂತ್ರವೇ 20 ಮಿಲಿಸೆಕೆಂಡು ಓರೆಯಾಗಿ ಕುಳಿತಿದ್ದರೆ ಒಂದು ಬದಿಯಲ್ಲಿ 15 ಮಾತ್ರ ಉಳಿದು, ಇನ್ನೊಂದು ಬದಿಯಲ್ಲಿ ಬೇಡದ 55 ಸಿಗುತ್ತದೆ. ಸ್ಟೆಪ್‌ಮೇನಿಯಾ ಎಂಬ ಇನ್ನೊಂದು ರಿದಮ್ ಗೇಮಿನ ಮೂಲ ಹೊಂದಾಣಿಕೆಯಲ್ಲಿ ಮಾರ್ವಲಸ್ ಎಂಬ ಮೊದಲ ದರ್ಜೆಗೆ 22.5 ಮಿಲಿಸೆಕೆಂಡಷ್ಟೇ ಅವಕಾಶ. ಅಲ್ಲಿ 20ರ ಓರೆ ಎಂದರೆ ಮೊದಲ ದರ್ಜೆ ಹೆಚ್ಚುಕಡಿಮೆ ಕೈತಪ್ಪಿದ ಹಾಗೆಯೇ.

ಇನ್ನು ಆ ವಿಳಂಬ ಎಲ್ಲಿಂದ ಬರುತ್ತದೆ ಎಂದು ನೋಡಿದರೆ, ಒಂದೇ ಜಾಗದಿಂದಲ್ಲ. ಕೀ ಒತ್ತಿದಾಗ ಒಳಗಿನ ಲೋಹದ ಸಂಪರ್ಕ ಒಂದೆರಡು ಸಲ ಪುಟಿಯುತ್ತದೆ, ಆ ಪುಟಿತವನ್ನು ಎರಡು ಒತ್ತುಗಳೆಂದು ತಿಳಿಯದಿರಲು ಕೀಬೋರ್ಡು ಸ್ವಲ್ಪ ಕಾಯುತ್ತದೆ. ಕಂಪ್ಯೂಟರು ಯುಎಸ್‌ಬಿ ಮೂಲಕ ಕೀಬೋರ್ಡನ್ನು ಸೆಕೆಂಡಿಗೆ 125 ಸಲ ವಿಚಾರಿಸುತ್ತಿದ್ದರೆ ಪ್ರತಿ ವಿಚಾರಣೆಯ ನಡುವೆ 8 ಮಿಲಿಸೆಕೆಂಡು, 1000 ಸಲವಾದರೆ 1 ಮಿಲಿಸೆಕೆಂಡು. ಆಟವು ಪ್ರತಿ ಫ್ರೇಮಿಗೊಮ್ಮೆ, ಅಂದರೆ ಪರದೆಯ ಚಿತ್ರವನ್ನು ಹೊಸದಾಗಿ ಬಿಡಿಸುವಾಗಲೊಮ್ಮೆ ಮಾತ್ರ ಕೀಗಳನ್ನು ನೋಡುವಂಥದ್ದಾದರೆ, ಸೆಕೆಂಡಿಗೆ 60 ಫ್ರೇಮುಗಳ ಲೆಕ್ಕದಲ್ಲಿ 16.7 ಮಿಲಿಸೆಕೆಂಡುಗಳವರೆಗೂ ಒತ್ತು ಬಾಗಿಲಲ್ಲಿ ಕಾದು ನಿಂತಿರಬಹುದು. ಅನಂತರ ಧ್ವನಿಯ ಸರದಿ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ, ಅಂದರೆ ಬಿಡಿ ಅಳತೆಗಳ, ಧ್ವನಿಯನ್ನು 512 ಸ್ಯಾಂಪಲ್‌ಗಳ ಬಫರಿನಲ್ಲಿ, ಅಂದರೆ ಕಂತಿನಲ್ಲಿ, ಕಳುಹಿಸಿದರೆ ಒಂದು ಬಫರಿಗೆ 10.7 ಮಿಲಿಸೆಕೆಂಡು, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬಫರುಗಳು ಸಾಲಿನಲ್ಲಿರುತ್ತವೆ. ಆಮೇಲೆ ಡ್ರೈವರು, ಸೌಂಡ್ ಕಾರ್ಡು, ಸ್ಪೀಕರಾದರೆ ಅಲ್ಲಿಂದ ಕಿವಿಯವರೆಗಿನ ಗಾಳಿ. ಇವುಗಳಲ್ಲಿ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಅಳೆಯಲು ಹೊರಟರೆ ಪ್ರಯೋಗಾಲಯವೇ ಬೇಕಾಗುತ್ತದೆ. ಆದರೆ ನಮಗೆ ಬೇಕಾದದ್ದು ಮೊತ್ತ ಮಾತ್ರ, ಮತ್ತು ಆ ಮೊತ್ತ ಒಂದು ಧ್ವನಿಮುದ್ರಣದಲ್ಲಿ ಕಣ್ಣಿಗೆ ಕಾಣುವ ಹಾಗೆ ಸಿಗುತ್ತದೆ.

ಹೇಗೆಂದರೆ ಹೀಗೆ. ಟೈಕೊದಲ್ಲಿ ಕೀ ಒತ್ತಿದ ಕೂಡಲೇ ಆಟವು ಡೋಲಿನ ಸದ್ದನ್ನು ಹೊರಡಿಸುತ್ತದೆ. ಬೆರಳು ಕೀಗೆ ಬಡಿದ ಸದ್ದಿಗೂ ಹೆಡ್‌ಫೋನಿನಿಂದ ಡೋಲಿನ ಸದ್ದು ಹೊರಬೀಳುವುದಕ್ಕೂ ನಡುವಿನ ಸಮಯದಲ್ಲಿ ಕೀಬೋರ್ಡಿನ ವಿಳಂಬವೂ ಇದೆ, ಧ್ವನಿ ಹೊರಬರುವ ವಿಳಂಬವೂ ಇದೆ. ಈಗ ಹಾಡಿಗೆ ಆಡುವ ಆಟಗಾರನನ್ನು ಗಮನಿಸಿ. ಹಾಡಿನ ಪೆಟ್ಟು ಅವನ ಕಿವಿಗೆ ಬೀಳುವುದೇ ಧ್ವನಿಯ ವಿಳಂಬದಷ್ಟು ತಡವಾಗಿ. ಅವನು ಕೇಳಿದ ಕ್ಷಣಕ್ಕೆ ಕರಾರುವಾಕ್ಕಾಗಿ ಒತ್ತಿದರೂ ಆ ಒತ್ತು ಆಟಕ್ಕೆ ತಲುಪುವುದು ಕೀಬೋರ್ಡಿನ ವಿಳಂಬದಷ್ಟು ಮತ್ತೂ ತಡವಾಗಿ. ಎಂದರೆ ಏನೂ ತಪ್ಪು ಮಾಡದ ಆಟಗಾರನನ್ನು ಆಟವು ಎಷ್ಟು ತಡ ಎಂದು ತೀರ್ಪು ಕೊಡುತ್ತದೆಯೋ ಅದೂ ಇವೆರಡರ ಮೊತ್ತವೇ. ಒತ್ತಿನಿಂದ ಸದ್ದಿನವರೆಗಿನ ಅಂತರವನ್ನು ಅಳೆದರೆ, ಆಟವು ತನ್ನ ಗಡಿಯಾರವನ್ನು ಒಟ್ಟು ಎಷ್ಟು ಹಿಂದಕ್ಕೆ ಸರಿಸಬೇಕು ಎಂಬುದೂ ಸಿಕ್ಕಂತೆ. ಇದಕ್ಕಿರುವ ಷರತ್ತು ಒಂದೇ: ಹಾಡೂ ಡೋಲಿನ ಸದ್ದೂ ಆಟದೊಳಗೆ ಒಂದೇ ದಾರಿಯಿಂದ ಹೊರಬರುತ್ತಿರಬೇಕು. ಓಸುವಿನಂಥ ಆಟಗಳಲ್ಲಿ ಅದು ಹೆಚ್ಚುಕಡಿಮೆ ಹಾಗೆಯೇ ಇದೆ.

ಮುದ್ರಣಕ್ಕೆ ಬೇರೊಂದು ಉಪಕರಣವನ್ನು ಬಳಸುವುದು ಒಳ್ಳೆಯದು. ಆಟ ನಡೆಯುತ್ತಿರುವ ಯಂತ್ರದಲ್ಲಿಯೇ ಮೈಕನ್ನೂ ತೆರೆದರೆ ಧ್ವನಿಯ ವ್ಯವಸ್ಥೆ ಮಾಮೂಲಿಗಿಂತ ಬೇರೆ ರೀತಿಯಲ್ಲಿ ವರ್ತಿಸುವ ಸಂಭವವಿದೆ, ಆಗ ಅಳೆದದ್ದು ಆಡುವಾಗಿನ ವಿಳಂಬವಾಗಿ ಉಳಿಯುವುದಿಲ್ಲ. ನಾನು ಫೋನಿನ ರೆಕಾರ್ಡರನ್ನೇ ಬಳಸಿದೆ. ಗದ್ದಲ ತಗ್ಗಿಸುವ ಮತ್ತು ಧ್ವನಿಮಟ್ಟವನ್ನು ತಾನಾಗಿಯೇ ಏರಿಳಿಸುವ ಸೌಲಭ್ಯಗಳನ್ನು ಬಂದ್ ಮಾಡಿ, ಕಡತವನ್ನು ವೇವ್ ರೂಪದಲ್ಲಿ ಉಳಿಸಿಕೊಂಡೆ. ಕೀಯ ಸದ್ದೂ ಡೋಲಿನ ಸದ್ದೂ ಒಂದೇ ಮೈಕಿನಿಂದ ಒಂದೇ ಟ್ರ್ಯಾಕಿಗೆ ಬರುವುದರಿಂದ ಫೋನಿನ ಸ್ವಂತ ವಿಳಂಬ ಎಷ್ಟೇ ಇರಲಿ, ಎರಡಕ್ಕೂ ಸಮಾನವಾಗಿ ಅನ್ವಯಿಸಿ ಕಳೆದುಹೋಗುತ್ತದೆ. ಧ್ವನಿಯನ್ನು ಮುದ್ರಿಸಿ ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲಿ ಲೇಟೆನ್ಸಿ ಕಾಂಪೆನ್ಸೇಷನ್ ಎಂಬ ಆಯ್ಕೆಯಿದ್ದು ಅದರಲ್ಲಿ ಋಣ 130 ಮಿಲಿಸೆಕೆಂಡು ಎಂದು ಮೊದಲೇ ತುಂಬಿರುವುದನ್ನು ಕೆಲವರು ಕಂಡಿರಬಹುದು. ಅದು ಒಂದು ಟ್ರ್ಯಾಕನ್ನು ಕೇಳುತ್ತ ಇನ್ನೊಂದನ್ನು ಮುದ್ರಿಸುವವರಿಗಾಗಿ ಇರುವುದು, ನಮ್ಮ ಕೆಲಸಕ್ಕೆ ಸಂಬಂಧಿಸಿದ್ದಲ್ಲ.

ಹೆಡ್‌ಫೋನಿನ ಒಂದು ಕಿವಿಯನ್ನು ಕೀಬೋರ್ಡಿನ ಪಕ್ಕದಲ್ಲಿಟ್ಟು ಅದರ ಬಾಯಿಗೆ ಫೋನಿನ ಮೈಕ್ ಬರುವಂತೆ ಇಡಬೇಕು. ಗಾಳಿಯಲ್ಲಿ ಧ್ವನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರು ಸಾಗುತ್ತದೆ. ಎಲ್ಲವೂ ಒಂದು ಗೇಣಿನೊಳಗಿದ್ದರೆ ಆ ಲೆಕ್ಕವನ್ನು ಮರೆತುಬಿಡಬಹುದು. ಕಷ್ಟವಿರುವುದು ಸುತ್ತಲಿನ ಸದ್ದಿನಲ್ಲಿ. ಜೂನ್ ಬಂದ ಮೇಲೆ ನಮ್ಮೂರಿನಲ್ಲಿ ಹಂಚಿನ ಮಾಡಿನ ಕೆಳಗೆ ಮುದ್ರಣ ಮಾಡುವುದೆಂದರೆ ಮಳೆಯ ಜೊತೆ ಒಪ್ಪಂದ ಮಾಡಿಕೊಂಡ ಹಾಗೆ, ಮಳೆಯ ಸದ್ದು ಎಲ್ಲ ಆವರ್ತನಗಳಲ್ಲೂ ಹರಡಿಕೊಂಡಿರುವುದರಿಂದ ಫಿಲ್ಟರು ಹಾಕಿ ತೆಗೆಯಲು ಬರುವುದಿಲ್ಲ. ಫ್ಯಾನಿನ ಗುಂಯ್‌ಗುಡುವಿಕೆ ಮತ್ತು ಇಂದ್ರಾಳಿ ನಿಲ್ದಾಣದ ಕಡೆಯಿಂದ ಬರುವ ಕೊಂಕಣ ರೈಲಿನ ಹಾರನ್ನು ಅಷ್ಟು ತೊಂದರೆ ಕೊಡುವುದಿಲ್ಲ. ಅವುಗಳಿಗೆ ಚೂಪಾದ ಆರಂಭವಿಲ್ಲ, ನಾವು ಹುಡುಕುವುದು ಚೂಪಾದ ಆರಂಭವನ್ನು. ಬೆರಳಿನ ಬದಲು ಬಾಲ್‌ಪೆನ್ನಿನ ಹಿಂಭಾಗದಿಂದ ಕೀಯನ್ನು ಕುಟ್ಟಿದರೆ ಆ ಆರಂಭ ಇನ್ನೂ ಸ್ಪಷ್ಟವಾಗುತ್ತದೆ. ಮೆತ್ತಗಿನ ಬೆರಳ ತುದಿ ಕೀಯ ಮೇಲೆ ಕುಳಿತು ಒತ್ತುವಾಗ ಸದ್ದು ಏರುವುದು ನಿಧಾನ, ಎಲ್ಲಿಂದ ಅಳೆಯಬೇಕೆಂಬ ಗೊಂದಲ ಹೆಚ್ಚು.

ಕಡತವನ್ನು ಆಡಾಸಿಟಿಯಲ್ಲಿ ತೆರೆದು ಒಂದೇ ಹೊಡೆತ ಪರದೆಯ ತುಂಬ ಬರುವಷ್ಟು ಹಿಗ್ಗಿಸಿದಾಗ ಕಾಣುವ ಚಿತ್ರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಅಳತೆ ನಿಂತಿರುವುದು ಅದರ ಮೇಲೆ. ಮೊದಲು ಒಂದು ಸಣ್ಣ ಉಬ್ಬು ಕಾಣುತ್ತದೆ: ಪೆನ್ನು ಕೀಯ ಮುಖವನ್ನು ಮುಟ್ಟಿದ್ದು. ಕೆಲವು ಮಿಲಿಸೆಕೆಂಡು ಬಿಟ್ಟು ಎತ್ತರದ, ಒತ್ತೊತ್ತಾದ ಗೆರೆಗಳ ಒಂದು ಮೊನೆ: ಕೀ ತಳಕ್ಕೆ ಬಡಿದದ್ದು. ಅದು ನಡುಗಿ ಅಡಗುತ್ತಿರುವಾಗಲೇ ಬೇರೆಯೇ ಜಾತಿಯ, ಅಗಲವಾಗಿ ತೂಗುವ ಅಲೆಯೊಂದು ಎದ್ದು ನಿಲ್ಲುತ್ತದೆ, ಅದು ಡೋಲು. ಅದಕ್ಕಿಂತ ಎಷ್ಟೋ ಹೊತ್ತಿನ ಮೇಲೆ ಕೀ ಮೇಲಕ್ಕೆ ಹಾರಿ ಬಂದ ಇನ್ನೊಂದು ಸಣ್ಣ ಸದ್ದು ಇರುತ್ತದೆ, ಅದನ್ನು ಕಡೆಗಣಿಸಬೇಕು. ಪ್ರಶ್ನೆಯಿರುವುದು ಮೊದಲ ಎರಡು ಸದ್ದುಗಳಲ್ಲಿ ಯಾವುದನ್ನು ಒತ್ತಿನ ಕ್ಷಣವೆಂದು ಹಿಡಿಯಬೇಕು ಎಂಬಲ್ಲಿ. ಚೆರ್ರಿ ಎಂಎಕ್ಸ್ ರೆಡ್‌ನಂಥ ಮೆಕ್ಯಾನಿಕಲ್ ಸ್ವಿಚ್ಚು ಒಟ್ಟು 4 ಮಿಲಿಮೀಟರು ಇಳಿಯುತ್ತದೆ, ಆದರೆ ವಿದ್ಯುತ್ ಸಂಪರ್ಕ ಆಗುವುದು 2 ಮಿಲಿಮೀಟರು ಇಳಿದಾಗಲೇ. ಸಂಪರ್ಕದ ಆ ಕ್ಷಣಕ್ಕೆ ತನ್ನದೇ ಸದ್ದಿಲ್ಲ. ಅದು ಮುಟ್ಟಿದ ಉಬ್ಬಿಗೂ ತಳದ ಮೊನೆಗೂ ನಡುವೆ ಎಲ್ಲೋ ಇದೆ. ಜೋರಾಗಿ ಕುಟ್ಟಿದಾಗ ಆ ಎರಡರ ನಡುವೆಯೇ ಕೆಲವೇ ಮಿಲಿಸೆಕೆಂಡು ಇರುವುದರಿಂದ ನಾನು ಉಬ್ಬಿನಿಂದಲೇ ಅಳೆಯುತ್ತೇನೆ. ಆಡುವವನ ಲಯಪ್ರಜ್ಞೆಯೂ ಬೆರಳು ತಾಗಿದ ಕ್ಷಣಕ್ಕೇ ಅಂಟಿಕೊಂಡಿರುತ್ತದೆ ಎಂಬುದು ನನ್ನ ಸಮರ್ಥನೆ. ಲ್ಯಾಪ್‌ಟಾಪಿನ ಚಪ್ಪಟೆ ಕೀಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ, ಅಲ್ಲಿ ಇಳಿಯುವ ದೂರವೇ ಕಡಿಮೆ.

ಉಬ್ಬಿನ ಬುಡದಿಂದ ಡೋಲಿನ ಅಲೆಯ ಬುಡದವರೆಗೆ ಮೌಸಿನಿಂದ ಎಳೆದು ಆಯ್ಕೆ ಮಾಡಿದರೆ ಕೆಳಗಿನ ಪಟ್ಟಿಯಲ್ಲಿ ಉದ್ದ ಕಾಣುತ್ತದೆ. ಅಳತೆಯ ರೂಪವನ್ನು ಮಿಲಿಸೆಕೆಂಡಿಗೆ ಬದಲಾಯಿಸಿಕೊಂಡಿರಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ತಂತಿಯ ಹೆಡ್‌ಫೋನಿನೊಂದಿಗೆ ಬಂದ ಅಂತರಗಳು 50ರಿಂದ 65 ಮಿಲಿಸೆಕೆಂಡುಗಳ ನಡುವೆ ಹರಡಿಕೊಂಡಿದ್ದವು. ಒಂದೇ ಸಂಖ್ಯೆ ಬರಬೇಕಲ್ಲವೇ ಎಂದು ಗಾಬರಿಯಾಗುವ ಅಗತ್ಯವಿಲ್ಲ. ಒತ್ತು ಫ್ರೇಮಿನ ಆರಂಭದಲ್ಲಿ ಬಂತೋ ಕೊನೆಯಲ್ಲಿ ಬಂತೋ, ಬಫರು ಆಗಷ್ಟೇ ಹೊರಟಿತ್ತೋ ಹೊರಡಲಿತ್ತೋ ಎಂಬುದರ ಮೇಲೆ ಅಷ್ಟು ಹರಡುವಿಕೆ ಇದ್ದೇ ಇರುತ್ತದೆ. ಸಾಕಷ್ಟು ಹೊಡೆತಗಳನ್ನು ಅಳೆದು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ ಆಯಿತು. ಸರಾಸರಿಗಿಂತ ಇದು ಮೇಲು, ಏಕೆಂದರೆ ಯಾವುದೋ ಒಂದು ಹೊಡೆತದ ಸಮಯದಲ್ಲಿ ಕಂಪ್ಯೂಟರು ಬೇರೇನೋ ಕೆಲಸಕ್ಕೆ ಹೋಗಿ ತಡಮಾಡಿದ್ದರೆ ಆ ಒಂದೇ ಸಂಖ್ಯೆ ಸರಾಸರಿಯನ್ನು ಎಳೆದುಬಿಡುತ್ತದೆ. ನನಗೆ ಬಂದ ನಡುವಿನ ಸಂಖ್ಯೆ 57.

ಈ 57ನ್ನು ತೆಗೆದುಕೊಂಡು ಹೋಗಿ ಆಫ್‌ಸೆಟ್ಟಿನಲ್ಲಿ ತುಂಬಿಬಿಡುವ ಹಾಗಿಲ್ಲ. ಎಷ್ಟೋ ಆಟಗಳು ಧ್ವನಿಯ ವಿಳಂಬದಲ್ಲಿ ಒಂದು ಪಾಲನ್ನು ತಾವೇ ಊಹಿಸಿ ಒಳಗೊಳಗೇ ಸರಿಪಡಿಸಿಕೊಂಡಿರುತ್ತವೆ. ಜೊತೆಗೆ ಆಫ್‌ಸೆಟ್ಟಿನ ಧನ ಋಣಗಳ ಅರ್ಥ ಎಲ್ಲ ಆಟಗಳಲ್ಲಿ ಒಂದೇ ಅಲ್ಲ; ಒಂದರಲ್ಲಿ ಧನವೆಂದರೆ ಹಿಂದಕ್ಕೆ, ಇನ್ನೊಂದರಲ್ಲಿ ಮುಂದಕ್ಕೆ. ಇವೆರಡನ್ನೂ ಒಂದೇ ಏಟಿಗೆ ಬಗೆಹರಿಸುವ ದಾರಿ ಆಟೊಪ್ಲೇಯಲ್ಲಿದೆ, ಅಂದರೆ ಆಟವು ತಾನೇ ಆಡಿಕೊಳ್ಳುವ ವಿಧಾನದಲ್ಲಿ. ಅದಕ್ಕೆ ಮೊದಲು ಪೆಟ್ಟಿನ ಜಾಗ ಖಚಿತವಾಗಿ ಗೊತ್ತಿರುವ ಹಾಡೊಂದು ಬೇಕು, ಅದನ್ನು ನಾವೇ ತಯಾರಿಸಿಕೊಳ್ಳಬೇಕು. ಆಡಾಸಿಟಿಯ ಜನರೇಟ್ ಮೆನುವಿನಲ್ಲಿ ರಿದಮ್ ಟ್ರ್ಯಾಕ್ ಎಂಬುದನ್ನು ಆರಿಸಿ ನಿಮಿಷಕ್ಕೆ 120 ಪೆಟ್ಟು ಎಂದು ಕೊಟ್ಟರೆ ಸರಿಯಾಗಿ 500 ಮಿಲಿಸೆಕೆಂಡಿಗೊಂದು ಪೆಟ್ಟಿನ ಟ್ರ್ಯಾಕು ಸಿದ್ಧವಾಗುತ್ತದೆ. ಅದರ ಮುಂದೆ ಎರಡು ಸೆಕೆಂಡಿನ ಮೌನವನ್ನು ಸೇರಿಸಿ, ಓಗ್ ರೂಪದಲ್ಲಿ ಉಳಿಸಿ, ಆಟದ ಎಡಿಟರಿನಲ್ಲಿ ಮೊದಲ ಪೆಟ್ಟು 2000 ಮಿಲಿಸೆಕೆಂಡಿನಲ್ಲಿದೆ ಎಂದು ಬರೆದು, ಪ್ರತಿ ಪೆಟ್ಟಿಗೂ ಒಂದು ಹೊಡೆತ ಇಟ್ಟರೆ ನಕ್ಷೆಯಲ್ಲಿ, ಅಂದರೆ ಯಾವ ಕ್ಷಣದಲ್ಲಿ ಹೊಡೆಯಬೇಕೆಂದು ಆಟಕ್ಕೆ ಹೇಳುವ ಆ ಪಟ್ಟಿಯಲ್ಲಿ, ತಪ್ಪಿಗೆ ಜಾಗವೇ ಉಳಿಯುವುದಿಲ್ಲ.

ಈಗ ಈ ನಕ್ಷೆಯನ್ನು ಆಟೊಪ್ಲೇಯಲ್ಲಿ ಓಡಿಸಿ, ಈ ಬಾರಿ ಮೈಕಿನಿಂದಲ್ಲದೆ ಯಂತ್ರದ ಒಳಗಿನಿಂದಲೇ ಮುದ್ರಿಸಿಕೊಳ್ಳಬೇಕು. ವಿಂಡೋಸ್‌ನಲ್ಲಿ ಆಡಾಸಿಟಿಯ ಹೋಸ್ಟನ್ನು, ಅಂದರೆ ಅದು ಬಳಸುವ ಧ್ವನಿ ವ್ಯವಸ್ಥೆಯನ್ನು, ವಾಸಪಿ (WASAPI) ಎಂದು ಬದಲಾಯಿಸಿದರೆ ಮುದ್ರಣದ ಸಾಧನಗಳ ಪಟ್ಟಿಯಲ್ಲಿ ಲೂಪ್‌ಬ್ಯಾಕ್ ಎಂಬ ಹೆಸರು ಹೊತ್ತ ಸಾಧನ ಕಾಣುತ್ತದೆ. ಸ್ಪೀಕರಿಗೆ ಹೋಗುವ ಧ್ವನಿಯೇ ಅಲ್ಲಿಂದ ನೇರವಾಗಿ ಬರುತ್ತದೆ, ಮಳೆ ಬಂದರೂ ಚಿಂತೆಯಿಲ್ಲ. ಮುದ್ರಿಸಿದ್ದನ್ನು ಹಿಗ್ಗಿಸಿ ನೋಡಿದಾಗ ಟ್ರ್ಯಾಕಿನ ಪೆಟ್ಟಿಗೂ ಆಟ ಹೊಡೆದ ಡೋಲಿಗೂ ನಡುವೆ ಒಂದು ಅಂತರ ಇರುತ್ತದೆ. ಆಫ್‌ಸೆಟ್ ಸೊನ್ನೆ ಇದ್ದಾಗ ಕಾಣುವ ಅಂತರವೇ ಆಟವು ತಾನಾಗಿ ಮಾಡಿಕೊಂಡಿರುವ ತಿದ್ದುಪಡಿ. ಆಫ್‌ಸೆಟ್ಟನ್ನು ಬದಲಾಯಿಸುತ್ತ ಹೋದಂತೆ ಈ ಅಂತರವೂ ಅಷ್ಟೇ ಬದಲಾಗುತ್ತದೆ. ಹಾಗಾಗಿ ಮಾಡಬೇಕಾದದ್ದು ಇಷ್ಟು: ಡೋಲು ಪೆಟ್ಟಿಗಿಂತ 57 ಮಿಲಿಸೆಕೆಂಡು ತಡವಾಗಿ ಬೀಳುವವರೆಗೆ ಆಫ್‌ಸೆಟ್ಟನ್ನು ಆ ಕಡೆಗೋ ಈ ಕಡೆಗೋ ಸರಿಸುವುದು. ಮೈಕಿನಲ್ಲಿ ಅಳೆದ ಅಂತರವೂ ಲೂಪ್‌ಬ್ಯಾಕಿನಲ್ಲಿ ಅಳೆದ ಅಂತರವೂ ಒಂದೇ ಆದಾಗ ಯಂತ್ರ ಸರಿಹೋಗಿದೆ ಎಂದರ್ಥ. ಆಟ ಒಳಗೆ ಎಷ್ಟು ತಿದ್ದಿಕೊಂಡಿತ್ತು, ಧನವೆಂದರೆ ಯಾವ ದಿಕ್ಕು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ.

ಇದು ಮೊದಲ ನೋಟಕ್ಕೆ ತಲೆಕೆಳಗಾಗಿ ಕಾಣುತ್ತದೆ ಎಂಬುದನ್ನು ಒಪ್ಪುತ್ತೇನೆ. ಆಟೊಪ್ಲೇ ಕೇಳುತ್ತ, ಡೋಲು ಹಾಡಿನೊಳಗೆ ಚೆನ್ನಾಗಿ ಬೆರೆಯುವವರೆಗೆ ಆಫ್‌ಸೆಟ್ಟನ್ನು ತಿರುಗಿಸಿ ಎಂದು ಸಲಹೆ ಕೊಡುವವರು ಬಹಳ ಮಂದಿ. ಅವರು ಮಾಡುತ್ತಿರುವುದು ಯಂತ್ರಕ್ಕೆ ವಿಳಂಬವೇ ಇಲ್ಲ ಎಂದು ಘೋಷಿಸುವ ಕೆಲಸ. ಸರಿಯಾಗಿ ಹೊಂದಿಸಿದ ಯಂತ್ರದಲ್ಲಿ ಆಟೊಪ್ಲೇಯ ಡೋಲು ಹಾಡಿನ ಹಿಂದೆ ಎಳೆದಂತೆ ಕೇಳಲೇಬೇಕು. ನೀವು ಸರಿಯಾಗಿ ಆಡಿದಾಗಲೂ ನಿಮ್ಮ ಡೋಲಿನ ಸದ್ದು ಅಷ್ಟೇ ತಡವಾಗಿ ಕೇಳುತ್ತದೆ, ಅದು ಅನಿವಾರ್ಯ. ಅದು ಕಿವಿಗೆ ಕಿರಿಕಿರಿ ಎನ್ನಿಸುವವರು ಹೊಡೆತದ ಸದ್ದನ್ನು ಪೂರ್ತಿ ಅಡಗಿಸಿ ಆಡುವುದು ವಾಸಿ. ಎಲ್ಲ ಆಟಗಳಿಗೂ ಈ ವಿಧಾನ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಸ್ಟೆಪ್‌ಮೇನಿಯಾದಲ್ಲಿ ಒತ್ತಬೇಕಾದ ಕ್ಷಣಗಳನ್ನು ಸೂಚಿಸುವ ಅಸಿಸ್ಟ್ ಟಿಕ್ ಎಂಬ ಸದ್ದನ್ನು ಆಟವು ಧ್ವನಿಯ ವಿಳಂಬವನ್ನು ಲೆಕ್ಕಹಾಕಿ ಮುಂಚಿತವಾಗಿಯೇ ಸಾಲಿಗೆ ಸೇರಿಸಿಟ್ಟಿರುತ್ತದೆ, ಹಾಗಾಗಿ ಅಲ್ಲಿ ಟಿಕ್ ಎಲ್ಲಿ ಬೀಳುತ್ತದೆ ಎಂಬುದರಿಂದ ನಕ್ಷೆ ಹಾಡಿಗೆ ಕೂತಿದೆಯೇ ಎಂದು ತಿಳಿಯಬಹುದೇ ವಿನಾ ಯಂತ್ರದ ವಿಳಂಬ ತಿಳಿಯುವುದಿಲ್ಲ.

ಓಗ್ ರೂಪವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಎಂಪಿ3 ತಯಾರಿಸುವ ಲೇಮ್ ಎನ್‌ಕೋಡರು ಹಾಡಿನ ಮುಂದೆ 576 ಸ್ಯಾಂಪಲ್‌ಗಳ ಖಾಲಿ ಜಾಗ ಬಿಡುತ್ತದೆ, ಡಿಕೋಡರು ತನ್ನ ಪಾಲಿಗೆ 529 ಸೇರಿಸುತ್ತದೆ. ಒಟ್ಟು 1105 ಸ್ಯಾಂಪಲ್‌ಗಳು, ಸೆಕೆಂಡಿಗೆ 44,100ರ ಲೆಕ್ಕದಲ್ಲಿ 25 ಮಿಲಿಸೆಕೆಂಡು. ಕಡತದ ತಲೆಯಲ್ಲಿ ಬರೆದಿರುವ ಟಿಪ್ಪಣಿಯನ್ನು ಓದಿ ಆ ಖಾಲಿ ಜಾಗವನ್ನು ಕತ್ತರಿಸುವ ಪ್ಲೇಯರುಗಳೂ ಇವೆ, ಕತ್ತರಿಸದವೂ ಇವೆ. ಒಂದು ಬಗೆಯದರಲ್ಲಿ ನಕ್ಷೆ ಬರೆದು ಇನ್ನೊಂದು ಬಗೆಯದರಲ್ಲಿ ಆಡಿದರೆ ಆ 25 ಮಿಲಿಸೆಕೆಂಡು ಎಲ್ಲಿಂದ ಬಂತೆಂದು ತಿಳಿಯದೆ ಜನ ಯಂತ್ರದ ಆಫ್‌ಸೆಟ್ಟನ್ನು ಕೆಡಿಸಿಕೊಳ್ಳುತ್ತಾರೆ. ಒಂದು ಹಾಡು ಮಾತ್ರ ತಪ್ಪಾಗಿ ಕೇಳಿದರೆ ತಿದ್ದಬೇಕಾದದ್ದು ಆ ಹಾಡಿನ ಆಫ್‌ಸೆಟ್ಟನ್ನು. ಬಹುತೇಕ ಆಟಗಳಲ್ಲಿ ಅದಕ್ಕೆ ಬೇರೆಯದೇ ಸಂಖ್ಯೆ ಇರುತ್ತದೆ.

ಹಾಡಿನ ಆಫ್‌ಸೆಟ್ ಎಂದಾಗ ಗೆಳೆಯನ ಚೆಂಡೆಯ ವಿಷಯಕ್ಕೆ ಬರಲೇಬೇಕು. ಅವನು ಮನೆಯಲ್ಲಿ ಅಭ್ಯಾಸಕ್ಕೆಂದು ನುಡಿಸಿ ಮುದ್ರಿಸಿಕೊಂಡಿದ್ದ ಏಕತಾಳದ ತುಣುಕೊಂದಕ್ಕೆ ನಾವು ಟೈಕೊ ನಕ್ಷೆ ಬರೆದೆವು. ಚೆಂಡೆಯ ಪೆಟ್ಟು ಅಳತೆಗೆ ಬಹಳ ಅನುಕೂಲ: ಕೋಲು ತಾಗಿದ ಕೂಡಲೇ ಅಲೆ ನೆಟ್ಟಗೆ ಮೇಲೇಳುತ್ತದೆ, ಅದರ ಬುಡ ಎಲ್ಲಿದೆ ಎಂಬುದರಲ್ಲಿ ಅನುಮಾನವಿರುವುದಿಲ್ಲ. ಮದ್ದಳೆಯ ಎಡಗಡೆಯ ಪೆಟ್ಟು ಹಾಗಲ್ಲ. ಅಲೆ ಮೆಲ್ಲಗೆ ಉಬ್ಬುತ್ತದೆ, ಕಿವಿಗೆ ಪೆಟ್ಟು ಬಿದ್ದಂತೆ ಅನ್ನಿಸುವುದು ಬುಡಕ್ಕಿಂತ ಸ್ವಲ್ಪ ತಡವಾಗಿ. ಆದರೆ ಚೆಂಡೆಯ ಲಯ ಆಟದ ಎಡಿಟರು ಬಯಸುವಂಥದ್ದಲ್ಲ. ನಿಮಿಷಕ್ಕೆ ಇಷ್ಟು ಪೆಟ್ಟು ಎಂದು ಒಂದೇ ಸಂಖ್ಯೆ ಕೊಟ್ಟರೆ ಮೊದಲ ಒಂದೆರಡು ಆವರ್ತ ಕೂತು, ಆಮೇಲೆ ನಕ್ಷೆ ಹಿಂದೆ ಬೀಳತೊಡಗುತ್ತದೆ. ನುಡಿಸುತ್ತ ನುಡಿಸುತ್ತ ಕಾಲ ಏರುವುದು ಯಕ್ಷಗಾನದಲ್ಲಿ ಸಹಜ. ಕೊನೆಗೆ ಆಡಾಸಿಟಿಯಲ್ಲಿ ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಒಂದು ಲೇಬಲ್ ಹಾಕಿ, ಲೇಬಲ್ಲುಗಳ ಪಟ್ಟಿಯನ್ನು ಪಠ್ಯವಾಗಿ ಹೊರತೆಗೆದು, ಅದರ ಸಮಯಗಳನ್ನು ಒಂದೊಂದಾಗಿ ಎಡಿಟರಿನ ಟೈಮಿಂಗ್ ಬಿಂದುಗಳಾಗಿ ನಮೂದಿಸಿದೆವು. ಬೇಸರದ ಕೆಲಸ. ಗೆಳೆಯ ಮಾತ್ರ ತಾನು ಎಲ್ಲೆಲ್ಲಿ ಕಾಲ ಏರಿಸಿದ್ದೇನೆಂದು ಮಿಲಿಸೆಕೆಂಡಿನಲ್ಲಿ ನೋಡಿ ಖುಷಿಪಟ್ಟ.

ಇಲ್ಲಿಯವರೆಗೆ ಕಣ್ಣಿನ ಮಾತು ಬಂದಿಲ್ಲ, ಬೇಕೆಂದೇ ಬಿಟ್ಟೆ. ಯಾವಾಗ ಹೊಡೆಯಬೇಕೆಂದು ತೋರಿಸುತ್ತ ಪರದೆಯಲ್ಲಿ ಸರಿದು ಬರುವ ಗುಂಡುಗಳೂ ತಡವಾಗಿಯೇ ಕಾಣುತ್ತವೆ, ಆದರೆ ಆ ವಿಷಯದಲ್ಲಿ ನಾವು ಹೆಚ್ಚು ಉದಾರಿಗಳು. ಬಯಲಾಟಕ್ಕೆ ಹೋಗಿ ರಂಗಸ್ಥಳದಿಂದ ಮೂವತ್ತು ಮೀಟರು ಹಿಂದೆ ಕುಳಿತವನಿಗೆ ಚೆಂಡೆಯ ಕೋಲು ಇಳಿದದ್ದು ಕಂಡು ಸುಮಾರು 86 ಮಿಲಿಸೆಕೆಂಡು ಕಳೆದ ಮೇಲೆ ಸದ್ದು ತಲುಪುತ್ತದೆ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಹೀಗೇ ನೋಡಿದ ಜನ ಯಾರೂ ಅದನ್ನು ಗುರುತಿಸಿ ದೂರಿದಂತಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಟೆಲಿವಿಷನ್ ಪ್ರಸಾರಕ್ಕಾಗಿ ಕೊಟ್ಟ ಶಿಫಾರಸಿನಲ್ಲಿಯೂ ಇದೇ ಕಾಣುತ್ತದೆ: ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂದಾದರೆ ನೋಡುಗರಿಗೆ ಗೊತ್ತಾಗುತ್ತದೆ, ಹಿಂದಾದರೆ 125ರವರೆಗೂ ಗೊತ್ತಾಗುವುದಿಲ್ಲ. ಹಾಗಾಗಿ ಧ್ವನಿಯನ್ನು ಮೊದಲು ಸರಿಪಡಿಸಿ, ಚಿತ್ರಕ್ಕೆ ಪ್ರತ್ಯೇಕ ಆಫ್‌ಸೆಟ್ ಇದ್ದರೆ ಅದನ್ನು ಆಮೇಲೆ ಕಣ್ಣಂದಾಜಿನಲ್ಲಿ ಮುಟ್ಟಿದರೆ ಸಾಕು.

ಬ್ಲೂಟೂತ್ ಹೆಡ್‌ಫೋನಿನವರಿಗೆ ಒಂದು ಮಾತು. ಲೂಪ್‌ಬ್ಯಾಕ್ ಮುದ್ರಣ ಬ್ಲೂಟೂತಿನ ವಿಳಂಬವನ್ನು ತೋರಿಸುವುದಿಲ್ಲ, ಏಕೆಂದರೆ ಅದು ಧ್ವನಿ ಯಂತ್ರವನ್ನು ಬಿಡುವ ಮೊದಲೇ ಹಿಡಿದಿರುತ್ತದೆ. ಮೈಕಿನ ಅಳತೆ ತೋರಿಸುತ್ತದೆ. ಬ್ಲೂಟೂತಿಗಾಗಿ ಧ್ವನಿಯನ್ನು ಕುಗ್ಗಿಸಿ ಕಳುಹಿಸುವ ಸಾಮಾನ್ಯ ಎಸ್‌ಬಿಸಿ ಕೋಡೆಕ್ಕಿನಲ್ಲಿ 150 ಮಿಲಿಸೆಕೆಂಡಿಗೂ ಹೆಚ್ಚು ಬಂದರೆ ಅಚ್ಚರಿಪಡಬೇಡಿ. ಅಷ್ಟನ್ನೂ ಆಫ್‌ಸೆಟ್ಟಿನಲ್ಲಿ ತುಂಬಬಹುದು, ಆಟ ಆಡಲು ಬರುತ್ತದೆ. ಆದರೆ ಆ ವಿಳಂಬ ಸಂಪರ್ಕ ಕಡಿದು ಸೇರಿದಾಗಲೆಲ್ಲ ಅಷ್ಟಿಷ್ಟು ಬದಲಾಗಬಹುದು, ಬದಲಾಗುವ ವಿಳಂಬಕ್ಕೆ ಯಾವ ಆಫ್‌ಸೆಟ್ಟೂ ಮದ್ದಲ್ಲ. ತಂತಿಯ ಹೆಡ್‌ಫೋನು ಕೊಳ್ಳಿ.

ಯಂತ್ರ ಸರಿಹೋದ ಮೇಲೆ ಆಟದ ಕೊನೆಯಲ್ಲಿ ಕಾಣುವ ತಪ್ಪಿನ ಪಟ್ಟಿಗೆ ಬೇರೆ ಅರ್ಥ ಬರುತ್ತದೆ. ಓಸು ತೋರಿಸುವ ಅನ್‌ಸ್ಟೇಬಲ್ ರೇಟ್ ಎಂಬುದು ಹೊಡೆತಗಳ ಹರಡುವಿಕೆಯನ್ನು, ಅಂದರೆ ಮಾನಕ ವಿಚಲನೆಯನ್ನು ಹತ್ತರಿಂದ ಗುಣಿಸಿದ ಸಂಖ್ಯೆ. 100 ಎಂದರೆ 10 ಮಿಲಿಸೆಕೆಂಡು. ಆಫ್‌ಸೆಟ್ ಅದನ್ನು ಒಂದಿಷ್ಟೂ ಬದಲಾಯಿಸುವುದಿಲ್ಲ, ಅದು ಅಭ್ಯಾಸದಿಂದ ಮಾತ್ರ ಇಳಿಯುವಂಥದ್ದು. ಉಳಿಯುವ ಸರಾಸರಿ ತಪ್ಪು ಈಗ ಕೈಯದ್ದು ಮಾತ್ರ. ನನ್ನದು ನಿಧಾನದ ಹಾಡುಗಳಲ್ಲಿ ಸುಮಾರು 15 ಮಿಲಿಸೆಕೆಂಡು ಮುಂದೆ, ವೇಗದ ಹಾಡುಗಳಲ್ಲಿ ಬಹುತೇಕ ಸೊನ್ನೆ. ಗೆಳೆಯನದು ಎರಡರಲ್ಲೂ ಸೊನ್ನೆಯ ಆಚೀಚೆ. ಹಿಂದಿನ ಆಟದ ಸರಾಸರಿಯನ್ನು ನೋಡಿ ಆಫ್‌ಸೆಟ್ ತಿದ್ದಿಕೊಡುವ ಗುಂಡಿ ಓಸುವಿನ ಹೊಸ ಆವೃತ್ತಿಯಲ್ಲಿದೆ, ಅದನ್ನು ನಾನು ಒತ್ತುವುದಿಲ್ಲ. ನಿಧಾನದ ಹಾಡಿನ ಮೇಲೆ ಒತ್ತಿದರೆ ನನ್ನ ಅವಸರವನ್ನು ಯಂತ್ರದ ತಲೆಗೆ ಕಟ್ಟಿದ ಹಾಗಾಗುತ್ತದೆ. ಪರೀಕ್ಷೆಯ ಟ್ರ್ಯಾಕು ಮತ್ತು ನಕ್ಷೆಯನ್ನು ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದೇನೆ. ಹೆಡ್‌ಫೋನು, ಕೀಬೋರ್ಡು, ಧ್ವನಿಯ ಡ್ರೈವರು, ಆಟದ ಆವೃತ್ತಿ, ಇವುಗಳಲ್ಲಿ ಯಾವುದು ಬದಲಾದರೂ ಎರಡೂ ಅಳತೆಗಳನ್ನು ಹೊಸದಾಗಿ ತೆಗೆಯಬೇಕು. ಪರದೆ ಮಾತ್ರ ಬದಲಾದರೆ ಬೇಡ.